ದೊಡ್ಡ ಸ್ವಾಮಿಯವರು

ದೇವರ ಕರೆಯನ್ನು ಕೇಳಿ ಮನೆಮಾರುಗಳನ್ನು ಬಿಟ್ಟು ಹೊರಟವರ ಚರಿತ್ರೆಗಳು ಕ್ರೈಸ್ತ ವಾಙ್ಮಯದಲ್ಲಿ ಹೇರಳವಾಗಿರುವುವು. ಅವುಗಳಲ್ಲಿ ಬಹುಪಾಲು ಒಂದೇ ಎರಕದಲ್ಲಿ ಹೊಯ್ದಂತೆ ತೋರುವುದುಂಟು: ಕರೆ ಬಂದಿತು, ಕಡಲನ್ನು ದಾಟಿದರು, ಕಷ್ಟಪಟ್ಟರು, ಕೊನೆಗೆ ಫಲವನ್ನು ಕಂಡು ಧನ್ಯರಾದರು. ಮೈಸೂರು ಸೀಮೆಯಲ್ಲಿ ಇಪ್ಪತ್ತಕ್ಕೂ ಮಿಕ್ಕ ವರ್ಷ ದುಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರ ಚರಿತ್ರೆಯು ಈ ಎರಕಕ್ಕೆ ಒಗ್ಗುವುದಿಲ್ಲ. ಅವರು ಕರೆಗೆ ಓಗೊಟ್ಟು ಬಂದರು. ತಮ್ಮ ಯೌವನವನ್ನೂ ನಡುವಯಸ್ಸನ್ನೂ ಈ ದೇಶದಲ್ಲಿಯೇ ಸವೆಸಿದರು. ಬಳಿಕ ತಮ್ಮ ಕೆಲಸವು ಫಲಿಸಲಿಲ್ಲವೆಂದೂ, ಇಲ್ಲಿ ಅದು ಫಲಿಸುವುದು ಮನುಷ್ಯಸಾಧ್ಯವಲ್ಲವೆಂದೂ ತಾವೇ ಬರೆದು ಅಚ್ಚುಹಾಕಿಸಿದರು. ಹಿಂದೂ ಜನರ ಆಚಾರ ವ್ಯವಹಾರಗಳನ್ನು ಕುರಿತ ಅವರ ದೊಡ್ಡ ಗ್ರಂಥವನ್ನು ವಿದ್ಯಾವಂತರೆಲ್ಲರೂ ಹೆಸರಿನಿಂದಾದರೂ ಬಲ್ಲರು. ಅವರು ಯಾವ ಕಾರ್ಯಕ್ಕಾಗಿ ಬಂದರೋ ಆ ಕಾರ್ಯದ ಕಥೆ ಮಾತ್ರ ಅಷ್ಟಾಗಿ ಬಳಕೆಯಲ್ಲಿಲ್ಲ.

ದುಬ್ವಾ ಅವರು ಬಂದಾಗಿನ ಮೈಸೂರು ಇಂದಿನ ಮೈಸೂರಲ್ಲ. ಟಿಪ್ಪು ಸುಲ್ತಾನನು ಹಳೆಯ ಕೋಟೆಯನ್ನೂ ಪೇಟೆಯನ್ನೂ ಕೆಡವಿಸಿ ಅವುಗಳ ಕಲ್ಲುಗಳಿಂದ ನಜರಾಬಾದನ್ನು ಕಟ್ಟಿಸತೊಡಗಿದ್ದನು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವೇ ಕಲ್ಲುಗಳನ್ನು ಮರಳಿ ಹೊತ್ತು ತಂದು ಕೋಟೆಯನ್ನು ಎತ್ತಬೇಕಾಯಿತು. ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದುದು ಆ ವರ್ಷದ ಜೂನ್ ೩೦ರಂದು. ಇಂದು ನಗರಕ್ಕೆ ಅಂಟಿಕೊಂಡು ಮನೆಗಳ ಸಾಲುಗಳಿಂದ ತುಂಬಿರುವ ಪಶ್ಚಿಮದ ಬೋಗಾದಿಯು ಆ ಕಾಲಕ್ಕೆ ಊರಿನಿಂದ ಬೇರೆಯಾಗಿ, ಹೊಲಗಳ ನಡುವೆ ಇದ್ದ ಹಳ್ಳಿ. ರಾಜ್ಯದ ಜೀವವೆಲ್ಲ ಅದುವರೆಗೆ ಕಾವೇರಿಯ ದ್ವೀಪದಲ್ಲಿ ನೆಲೆಸಿದ್ದಿತು. ಮೈಸೂರಿನ ಕ್ರೈಸ್ತರ ಕಥೆಯೂ ಅಲ್ಲಿಂದಲೇ ತೊಡಗುತ್ತದೆ.

೧೭ನೆಯ ಶತಮಾನದ ನಡುಗಾಲದಲ್ಲಿ, ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದಾಗ, ಲಿಯೊನಾರ್ದೊ ಚಿನ್ನಮಿ ಎಂಬ ಇಟಲಿ ದೇಶದ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದನು. ಅವನು ಯೇಸುಸಭೆಗೆ ಸೇರಿದವನು. ಕನ್ನಡವನ್ನು ಕಲಿತು ಆ ಭಾಷೆಗೆ ವ್ಯಾಕರಣವನ್ನೂ ನಿಘಂಟನ್ನೂ ಸಿದ್ಧಪಡಿಸಿದನು. ಅವನ ಹಿಂದೆ ಬಂದ ಯೇಸುಸಭೆಯವರು ಇಲ್ಲಿಯ ಉಡುಗೆಯನ್ನೂ ಊಟದ ಕ್ರಮವನ್ನೂ ಕೈಕೊಂಡು ಜನರ ನಡುವೆ ಬೆರೆತರು. ಈ ಬಗೆಯ ಹೊಂದಾಣಿಕೆಯನ್ನು ಒಪ್ಪದವರು ರೋಮಿಗೆ ದೂರು ಕೊಟ್ಟರು. ವಾದವು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದು, ೧೭೪೪ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಅಂತಹ ಆಚಾರಗಳನ್ನು ನಿಷೇಧಿಸಿದರು. ೧೭೭೩ರಲ್ಲಿ ಯೇಸುಸಭೆಯೇ ವಿಸರ್ಜಿತವಾಯಿತು. ಮೈಸೂರಿನ ಸಭೆಗಳು ಆಗ ಪ್ಯಾರಿಸಿನ ವಿದೇಶ ಮಿಷನ್ ಸಂಘದವರ ಕೈಗೆ ಬಂದುವು.

ಬಂದುದು ಒಳ್ಳೆಯ ಕಾಲದಲ್ಲಲ್ಲ. ೧೭೮೪ರಲ್ಲಿ ಟಿಪ್ಪುವು ಕನ್ನಡ ಜಿಲ್ಲೆಯ, ಎಂದರೆ ಮಂಗಳೂರು ಸೀಮೆಯ, ಕ್ರೈಸ್ತರನ್ನು ಹಿಡಿಸಿ ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಸಂಖ್ಯೆಯನ್ನು ದುಬ್ವಾ ಅವರು ೬೦,೦೦೦ ಎನ್ನುತ್ತಾರೆ. ಸೆರೆಯಲ್ಲಿದ್ದ ಸ್ಕರಿ ಎಂಬ ಆಂಗ್ಲೇಯನು ೩೦,೦೦೦ ಎಂದು ಬರೆದಿದ್ದಾನೆ. ಸಂಖ್ಯೆಗಳು ಹೀಗೆ ಒಂದಕ್ಕೊಂದು ಹೊಂದದಿದ್ದರೂ ಸಂಗತಿಯಲ್ಲಿ ಸಂದೇಹವಿಲ್ಲ. ಅವರಲ್ಲಿ ಅನೇಕರನ್ನು ಬಲಾತ್ಕಾರದಿಂದ ಮತಾಂತರಿಸಲಾಯಿತು. ಅನೇಕರು ರೋಗದಿಂದಲೂ ದಾರಿಯ ಆಯಾಸದಿಂದಲೂ ಸತ್ತರು. ಮೈಸೂರು ಸೀಮೆಯಲ್ಲಿ ಮೊದಲೇ ಇದ್ದ ಕ್ರೈಸ್ತರಿಗೂ ಪಾದ್ರಿಗಳಿಲ್ಲದ ಕಾಲ ಒದಗಿತು. ಹದಿನೈದು ವರ್ಷಗಳ ತರುವಾಯ ಸುಲ್ತಾನನು ಮಡಿದಾಗ, ಹಳೆಯ ಸಭೆಯಿಂದ ಉಳಿದುದು ಚೆದರಿಹೋದ ಒಂದು ಮಂದೆ.

ಈ ಮಂದೆಯನ್ನು ಒಟ್ಟುಗೂಡಿಸಲು ಬಂದವರೇ ಜಾನ್ ಆಂತ್ವಾನ್ ದುಬ್ವಾ. ಫ್ರಾನ್ಸಿನ ದಕ್ಷಿಣಭಾಗದ ಆರ್ದೆಷ್ ಪ್ರಾಂತ್ಯದ ಸಾನ್ ರೆಮೇಜ್ ಎಂಬ ಹಳ್ಳಿಯವರು. ೧೭೯೨ರಲ್ಲಿ ಗುರುದೀಕ್ಷೆಯನ್ನು ಹೊಂದಿ ಅದೇ ವರ್ಷ ಹಡಗನ್ನು ಹತ್ತಿದರು. ಅದು ಫ್ರಾನ್ಸಿನಲ್ಲಿ ಮಹಾಕ್ರಾಂತಿಯು ಉರಿಯುತ್ತಿದ್ದ ವರ್ಷ. ಗುರುಗಳು ದೇಶವನ್ನು ಬಿಟ್ಟು ಓಡುತ್ತಿದ್ದರು. ಅವರನ್ನು ಕಳುಹಿಸಿಕೊಟ್ಟ ಪ್ಯಾರಿಸಿನ ಗುರುಮಠದ ಬಾಗಿಲೂ ಮುಚ್ಚಿತು. ಮಠವು ನಡುವೆ ಕೆಲವು ವರ್ಷ ತೆರೆದು, ಮತ್ತೆ ಮುಚ್ಚಿ, ೧೮೧೫ರಲ್ಲಿ ಸ್ಥಿರವಾಗಿ ನಿಂತಿತು. ದುಬ್ವಾ ಅವರು ಇಂಡಿಯದಲ್ಲಿ ಕಳೆದ ಕಾಲದ ಬಹುಭಾಗದಲ್ಲಿ, ತಾಯ್ನಾಡಿನಿಂದ ಹಣವಾಗಲಿ ಹೊಸ ಸಹಾಯಕರಾಗಲಿ ಬರುವ ಆಸೆ ಇರಲಿಲ್ಲ. ಸಾಲದುದಕ್ಕೆ ಫ್ರೆಂಚರಿಗೂ ಆಂಗ್ಲೇಯರಿಗೂ ಯುದ್ಧ. ಇವರೋ ಆಂಗ್ಲೇಯರ ಹಿಡಿತದಲ್ಲಿದ್ದ ಸೀಮೆಯಲ್ಲಿ ನಿಂತ ಫ್ರೆಂಚ್ ಪ್ರಜೆ. ಮಿಷನ್ ಎಂದೊಡನೆ ಕಂಪೆನಿಯ ಖಜಾನೆಯೂ ವಿಲಾಯಿತಿಯ ಚಂದಾಹಣವೂ ನೆನಪಿಗೆ ಬರುವವರು ಈ ಸಂಗತಿಯನ್ನು ಗಮನಿಸತಕ್ಕದ್ದು.

ಮೊದಲ ಕೆಲವು ವರ್ಷಗಳನ್ನು ಪಾಂಡಿಚೇರಿಯ ಮಿಷನ್ನಿಗೆ ಸೇರಿ ತಮಿಳು ಸೀಮೆಯಲ್ಲಿ ಕಳೆದು, ಶ್ರೀರಂಗಪಟ್ಟಣದ ಪತನಾನಂತರ ಅವರು ಮೈಸೂರಿಗೆ ಬಂದರು. ಕರ್ನಲ್ ವೆಲ್ಲೆಸ್ಲಿಯೇ, ಎಂದರೆ ಮುಂದೆ ವೆಲ್ಲಿಂಗ್ಟನ್ ಎಂದು ಹೆಸರಾದವನೇ, ಅವರನ್ನು ಕರೆಸಿದನೆಂದು ಹೇಳುವುದುಂಟು. ಬಂದೊಡನೆ ಎದುರಾದುದು ಸಭೆಯ ಇತಿಹಾಸದಷ್ಟೇ ಹಳೆಯದಾದ ಒಂದು ಪ್ರಶ್ನೆ: ಪ್ರಾಣಭಯದಿಂದ ಮತವನ್ನು ಬಿಟ್ಟವರು ಭಯವು ತೊಲಗಿದ ಮೇಲೆ ಮರಳಿ ಬಂದರೆ ಏನು ಮಾಡತಕ್ಕದ್ದು? ರೋಮ್ ಚಕ್ರವರ್ತಿ ಡೆಸಿಯಸನ ಹಿಂಸೆಯ ಕಾಲದಲ್ಲಿ, ಕ್ರಿ. ಶ. ೨೫೦ರ ಸುಮಾರಿನಲ್ಲಿ, ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ನನ ಮುಂದೆಯೂ ಇದೇ ಪ್ರಶ್ನೆ ನಿಂತಿದ್ದಿತು. ಎಂದಿಗೂ ಸೇರಿಸಲಾಗದು ಎಂದವರುಂಟು, ಕೂಡಲೆ ಸೇರಿಸಬೇಕೆಂದವರುಂಟು, ಸಭೆಯೇ ಒಡೆಯಿತು. ಸಿಪ್ರಿಯನ್ನನು ಪಶ್ಚಾತ್ತಾಪದ ಬಳಿಕ ಸೇರಿಸಿಕೊಳ್ಳುವ ನಡುದಾರಿಯನ್ನು ಹಿಡಿದನು.

ದುಬ್ವಾ ಅವರ ಬರೆಹವನ್ನೂ ನಡತೆಯನ್ನೂ ಇಲ್ಲಿ ಬೇರೆ ಬೇರೆಯಾಗಿ ನೋಡಬೇಕಾಗುವುದು. ಬರೆಹದಲ್ಲಿ ಅವರು ನಿಷ್ಠುರರು. ಅಷ್ಟು ಸಾವಿರ ಜನರಲ್ಲಿ ಧರ್ಮಕ್ಕಾಗಿ ಪ್ರಾಣವನ್ನು ಕೊಡುವ ಧೈರ್ಯ ಒಬ್ಬನಿಗೂ ಇರಲಿಲ್ಲವೆಂದು ಅವರು ಹೀಯಾಳಿಸುತ್ತಾರೆ. ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಸೆರೆಯಲ್ಲಿ ಬಿದ್ದಿದ್ದ ರೈತರ ಮೇಲೆ, ಆ ಸೆರೆಯನ್ನು ಕಾಣದವರು ಹೊರಿಸಿದ ಈ ಆಕ್ಷೇಪಣೆ ಉದಾರವಾದುದಲ್ಲ. ಆದರೆ ಅದೇ ರೈತರು ಬಾಗಿಲಿಗೆ ಬಂದು, ತಾವು ಬಿಟ್ಟದ್ದು ಹೊರಗಿನ ವೇಷವನ್ನು ಮಾತ್ರ, ಒಳಗಿನ ವಿಶ್ವಾಸವನ್ನಲ್ಲ ಎಂದಾಗ ಅವರು ತಿರುಗಿಸಿ ಕಳುಹಿಸಲಿಲ್ಲ. ಸುಮಾರು ೨,೦೦೦ ಮಂದಿ ತಮ್ಮ ದಾರಿಗೆ ಬಂದರೆಂದೂ, ಸುಮಾರು ೨೦,೦೦೦ ಮಂದಿ ಮಂಗಳೂರು ಸೀಮೆಗೆ ಮರಳಿ ತಮ್ಮ ಗುಡಿಗಳನ್ನು ತಿರುಗಿ ಕಟ್ಟಿಕೊಂಡರೆಂದೂ ಅವರೇ ಬರೆದಿದ್ದಾರೆ. ಈ ಎರಡು ಸಾವಿರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಪಾದ್ರಿಯಿಲ್ಲದ, ಪೂಜೆಯಿಲ್ಲದ ಹದಿನೈದು ವರ್ಷಗಳಲ್ಲಿ ವಿಶ್ವಾಸವನ್ನು ಉಳಿಸಿಕೊಂಡವರು ಯಾವ ಮಿಷನರಿಯೂ ಅಲ್ಲ. ಮನೆಗಳ ಒಳಗಿದ್ದ ತಾಯಂದಿರು, ಅಜ್ಜಂದಿರು. ಗಂಜಾಮಿನಲ್ಲಿರುವ ಚರ್ಚು ಇಂದಿಗೂ ಅಬ್ಬೆ ದುಬ್ವಾ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಜನರ ನಡುವೆ ಇರಬೇಕಾದರೆ ಜನರಂತೆಯೇ ಇರಬೇಕೆಂಬ ಹಳೆಯ ಯೇಸುಸಭೆಯವರ ಮಾರ್ಗವನ್ನು ಅವರು ಹಿಡಿದರು. ಯೂರೋಪಿಯನ್ನರ ಸಹವಾಸವನ್ನು ಬಿಟ್ಟರು. ಬಿಳಿಯ ನಿಲುವಂಗಿ, ತಲೆಗೆ ರುಮಾಲು, ಕೈಯಲ್ಲಿ ಬಿದಿರಿನ ಕೋಲು. ಚಿತ್ರಕಾರ ಥಾಮಸ್ ಹಿಕಿಯು ಬರೆದ ಚಿತ್ರದಲ್ಲಿ ಅವರು ಹೀಗೆಯೇ ನಿಂತಿದ್ದಾರೆ. ಜನರು ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಈ ನಿಕಟವಾಸದಿಂದ ಹುಟ್ಟಿದ ಗ್ರಂಥದ ಹಸ್ತಪ್ರತಿಯನ್ನು ರೆಸಿಡೆಂಟ್ ವಿಲ್ಕ್ಸನು ಮೆಚ್ಚಿ ಮದರಾಸಿಗೆ ಕಳುಹಿಸಿದನು. ೧೮೦೭ರಲ್ಲಿ ಕಂಪೆನಿಯು ಅದನ್ನು ೮,೦೦೦ ರೂಪಾಯಿಗೆ ಕೊಂಡಿತು. ೧೮೧೬ರಲ್ಲಿ ಅದರ ಇಂಗ್ಲಿಷ್ ಭಾಷಾಂತರವು ಹೊರಬಂದಿತು. ಅದರ ಬಹುಭಾಗಕ್ಕೆ ಮೂಲವು ಕ್ಯೂರ್ದೂ ಎಂಬ ಹಿಂದಿನ ಯೇಸುಸಭೆಯ ಪಾದ್ರಿಯ ಬರೆಹವೆಂಬುದನ್ನು ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ೧೯೮೭ರಲ್ಲಿ ತೋರಿಸಿಕೊಟ್ಟಿದ್ದಾರೆ. ಗ್ರಂಥಕರ್ತನ ಕೀರ್ತಿ ಇದರಿಂದ ಕುಂದಿತೆಂಬುದು ನಿಜ. ಪಾದ್ರಿಯ ಕೆಲಸವನ್ನು ತೂಗುವವರಿಗೆ ಆ ಗ್ರಂಥವು ಹೇಗಿದ್ದರೂ ಪಕ್ಕದ ವಿಷಯವೇ.

ಮರಳಿ ಬಂದ ಮಂದೆಗೆ ಅನ್ನದ ದಾರಿ ಬೇಕಾಗಿದ್ದಿತು. ಯುದ್ಧಗಳಿಂದ ಹೊಲವನ್ನು ಕಳೆದುಕೊಂಡವರಿಗೆ ಪ್ರಾರ್ಥನೆಯನ್ನು ಮಾತ್ರ ಕಲಿಸಿದರೆ ಅವರು ಮತ್ತೆ ಚೆದರುವುದು ಖಂಡಿತ. ಆದುದರಿಂದ ದುಬ್ವಾ ಅವರು ಬಡ ಕ್ರೈಸ್ತರನ್ನು ಒಂದೆಡೆ ನೆಲೆಗೊಳಿಸಿ ಬೇಸಾಯದ ಹಳ್ಳಿಗಳನ್ನು ಎಬ್ಬಿಸಲು ತೊಡಗಿದರು. ಇವುಗಳಲ್ಲಿ ಹೆಸರಾದುದು ಹಾಸನದ ಬಳಿಯ ಸಾತಳ್ಳಿ. ಮಲೆನಾಡಿನ ಅಂಚಿನ ಆ ಸೀಮೆಯಲ್ಲಿ ಕ್ರೈಸ್ತ ಒಕ್ಕಲುಗಳು ನೇಗಿಲನ್ನು ಹಿಡಿದು, ನೆರೆಯ ಒಕ್ಕಲುಗಳಂತೆಯೇ ಉಟ್ಟು, ಅವರ ನಡೆನುಡಿಗಳಲ್ಲಿ ಹೆಚ್ಚಿನವನ್ನು ಉಳಿಸಿಕೊಂಡು, ಚರ್ಚಿನ ಸುತ್ತ ನಿಂತರು.

ಎರಡನೆಯ ಕಾರ್ಯವು ಇದಕ್ಕಿಂತ ಆಶ್ಚರ್ಯಕರವಾದುದು. ಸಿಡುಬು ಆ ಕಾಲದಲ್ಲಿ ಹಳ್ಳಿಹಳ್ಳಿಗಳನ್ನೇ ಬರಿದುಮಾಡುತ್ತಿದ್ದ ರೋಗ. ಜನರು ಅದನ್ನು ಅಮ್ಮನೆಂದು ಕರೆದು ಮಾರಿಯ ಗುಡಿಗೆ ಹರಕೆ ಹೊರುತ್ತಿದ್ದರು. ಗೋವಿನ ಸಿಡುಬಿನ ಕೀವಿನಿಂದ ಇದನ್ನು ತಡೆಯಬಹುದೆಂದು ಜೆನ್ನರನು ಇಂಗ್ಲೆಂಡಿನಲ್ಲಿ ಪ್ರಕಟಿಸಿದ್ದು ೧೭೯೮ರಲ್ಲಿ. ಇಂಡಿಯದಲ್ಲಿ ಅದು ಮೊದಲು ಫಲಿಸಿದ್ದು ೧೮೦೨ರ ಜೂನ್ ತಿಂಗಳಲ್ಲಿ, ಬೊಂಬಾಯಿಯ ಅನ್ನಾ ಡಸ್ತಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ. ಈ ಮದ್ದನ್ನು ಸೀಸೆಯಲ್ಲಿ ತುಂಬಿ ದೂರಕ್ಕೆ ಸಾಗಿಸುವಂತಿರಲಿಲ್ಲ; ಬಿಸಿಲಿಗೆ ಅದರ ಸತ್ತ್ವವು ಅಳಿಯುತ್ತಿದ್ದಿತು. ಒಂದು ಮಗುವಿಗೆ ಹಾಕಿ, ಎಂಟು ದಿನಗಳಾದ ಮೇಲೆ ಅದರ ತೋಳಿನಲ್ಲಿ ಎದ್ದ ಬೊಕ್ಕೆಯ ರಸವನ್ನು ತೆಗೆದು ಮುಂದಿನ ಮಗುವಿಗೆ ಹಾಕಬೇಕು, ಅಲ್ಲಿಂದ ಇನ್ನೊಂದಕ್ಕೆ. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ಮದ್ದು ಆ ಸೀಮೆಯಿಂದಲೇ ಮಾಯವಾಗುವುದು. ಎಂದರೆ ವೈದ್ಯನ ಕೈಚಳಕಕ್ಕಿಂತಲೂ, ತನ್ನ ಮಗುವಿನ ತೋಳನ್ನು ಒಡ್ಡಲು ಒಪ್ಪುವ ತಾಯಿಯ ನಂಬುಗೆಯೇ ಇಲ್ಲಿ ಮುಖ್ಯ. ದನದ ಕೀವನ್ನು ಮೈಗೆ ಹಾಕಿಸಿಕೊಳ್ಳಲು ಜನರು ಹಿಂಜರಿದರೆಂಬುದರಲ್ಲಿ ಆಶ್ಚರ್ಯವೇನು? ೧೮೦೩–೦೪ರಲ್ಲಿ ದುಬ್ವಾ ಅವರ ಕಡೆಯಿಂದ ಹೀಗೆ ದೇವಿ ಹಾಕಿಸಿಕೊಂಡವರ ಸಂಖ್ಯೆ ೨೫,೪೩೨ ಎಂದು ಲೆಕ್ಕ ಉಳಿದಿದೆ. ಮೈಸೂರಿನ ಅರಮನೆಯೂ ಈ ಮದ್ದಿಗೆ ಬೆಂಬಲವಿತ್ತಿತು. ೧೮೦೫ರ ಸುಮಾರಿಗೆ ಹಿಕಿಯೇ ಬರೆದನೆನ್ನುವ ರಾಜಮನೆತನದ ಸ್ತ್ರೀಯರ ಒಂದು ಚಿತ್ರದಲ್ಲಿ, ತರುಣ ರಾಣಿಯೊಬ್ಬಳು ಸೆರಗನ್ನು ಸರಿಸಿ ದೇವಿ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿರುವಳೆಂದು ಇತಿಹಾಸಜ್ಞ ನೈಜೆಲ್ ಚಾನ್ಸೆಲರ್ ಅವರ ಅಭಿಪ್ರಾಯ. ಪಾದ್ರಿಯ ಚಿತ್ರವನ್ನೂ ರಾಣಿಯ ಚಿತ್ರವನ್ನೂ ಬರೆದ ಕೈ ಒಂದೇ ಆಗಿದ್ದರೆ ಅದೊಂದು ಸ್ವಾರಸ್ಯವೇ ಸರಿ.

ಇಷ್ಟೆಲ್ಲವನ್ನೂ ಮಾಡಿದ ಮನುಷ್ಯನು ೧೮೧೫ರ ಸುಮಾರಿನಿಂದ ತಮ್ಮ ಮಿತ್ರರಿಗೆ ಬರೆದ ಕಾಗದಗಳನ್ನು ಓದಿದರೆ ಮನಸ್ಸು ಖಿನ್ನವಾಗುತ್ತದೆ. ಇಂಡಿಯದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಈ ಕಾಗದಗಳು ೧೮೨೩ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಹೊರಬಂದುವು. ಅವುಗಳ ಸಾರವು ಇಷ್ಟು: ಬ್ರಾಹ್ಮಣರ ಮತ್ತು ಮೇಲುಜಾತಿಗಳ ಆಚಾರನಿಷ್ಠೆಯ ಕೋಟೆಯನ್ನು ಯಾವ ಬೋಧಕನೂ ಭೇದಿಸಲಾರನು. ಹೊಂದಾಣಿಕೆಯ ಮಾರ್ಗವನ್ನು ಪೋಪರು ನಿಷೇಧಿಸಿದ ದಿನವೇ ಇದ್ದ ಸಣ್ಣ ಅವಕಾಶವೂ ಹೋಯಿತು. ದನದ ಮಾಂಸವನ್ನು ತಿಂದು ಮದ್ಯವನ್ನು ಕುಡಿದು ಮೆರೆಯುವ ಯೂರೋಪಿಯನ್ನರನ್ನು ಕಂಡ ಜನರಿಗೆ ಅವರ ಮತದ ಮೇಲೆ ಗೌರವ ಹುಟ್ಟುವುದೆಂತು? ಬೈಬಲನ್ನು ದೇಶಭಾಷೆಗಳಿಗೆ ಅವಸರದಿಂದ ತಿರುಗಿಸಿ ಹಂಚುವುದರಿಂದ ಲಾಭವಿಲ್ಲ. ಆ ಒರಟು ಭಾಷೆಯನ್ನು ಕಂಡು ಪಂಡಿತರು ನಗುವರು. ಕೊನೆಯಲ್ಲಿ ತಮ್ಮ ಸ್ವಂತ ಲೆಕ್ಕವನ್ನೂ ಮುಚ್ಚುಮರೆಯಿಲ್ಲದೆ ಒಪ್ಪಿಸುತ್ತಾರೆ. ಇಪ್ಪತ್ತೈದು ವರ್ಷಗಳಲ್ಲಿ, ಒಬ್ಬ ದೇಶೀಯ ಬೋಧಕನ ನೆರವಿನಿಂದ, ತಾವು ಹೊಸದಾಗಿ ಮತಕ್ಕೆ ತಂದವರು ಹೆಂಗಸರು ಗಂಡಸರು ಸೇರಿ ೨೦೦ರಿಂದ ೩೦೦. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಂತ್ಯಜರು, ಭಿಕ್ಷುಕರು. ಮಿಕ್ಕವರೂ ದಿಕ್ಕಿಲ್ಲದವರು, ಜಾತಿಯಿಂದ ಹೊರಬಿದ್ದವರು.

ಇಂಗ್ಲೆಂಡಿನಲ್ಲಿ ಈ ಗ್ರಂಥವು ದೊಡ್ಡ ಗದ್ದಲವನ್ನೆಬ್ಬಿಸಿತು. ಮಿಷನ್ನಿನ ಕೆಲಸವು ವ್ಯರ್ಥವೆಂದು ಮೊದಲೇ ಹೇಳುತ್ತಿದ್ದವರಿಗೆ ಮಿಷನರಿಯ ಬಾಯಿಂದಲೇ ಸಾಕ್ಷ್ಯ ದೊರೆಯಿತು. ತಿರುನೆಲ್ವೇಲಿಯಲ್ಲಿ ಕೆಲಸಮಾಡಿದ್ದ ಜೇಮ್ಸ್ ಹಫ್, ಬಂಗಾಳದಲ್ಲಿದ್ದ ಹೆನ್ರಿ ಟೌನ್ಲಿ ಎಂಬ ಇಬ್ಬರು ಪ್ರಾಟೆಸ್ಟಂಟ್ ಬೋಧಕರು ೧೮೨೪ರಲ್ಲಿ ಖಂಡನಗ್ರಂಥಗಳನ್ನು ಹೊರಡಿಸಿದರು. ಖಂಡನೆಯ ಪೂರ್ವಪಕ್ಷ ಸಿದ್ಧಾಂತಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಭಾಷಾಂತರದ ವಿಷಯದಲ್ಲಿ ದುಬ್ವಾ ಅವರ ಭವಿಷ್ಯವು ಸುಳ್ಳಾಯಿತೆಂಬುದನ್ನು ಕನ್ನಡಿಗರು ಬಲ್ಲರು: ಬಳ್ಳಾರಿಯ ಹ್ಯಾಂಡ್ಸ್ ಅವರ ಮೊದಲ ಪ್ರಯತ್ನವು ಒರಟಾಗಿದ್ದರೂ, ಆ ಹಾದಿಯಲ್ಲಿ ಮುಂದೆ ಮೋಗ್ಲಿಂಗ್, ಕಿಟ್ಟೆಲ್ ಮೊದಲಾದವರು ಬಂದರು, ಅವರಿಂದ ಕನ್ನಡಕ್ಕೆ ಆದ ಲಾಭವನ್ನು ಪಂಡಿತರು ನಗುವ ವಿಷಯವೆಂದು ಯಾರೂ ಹೇಳಲಾರರು. ಮೇಲುಜಾತಿಗಳ ವಿಷಯದಲ್ಲಿ ಅವರೆಂದದ್ದು ಬಹುಮಟ್ಟಿಗೆ ನಿಜವಾಗಿಯೇ ನಿಂತಿತು. ಕೆಳಗೆ ತುಳಿಯಲ್ಪಟ್ಟವರು ಗುಂಪುಗುಂಪಾಗಿ ಬರಬಹುದೆಂದು ಅವರೇ ಒಪ್ಪಿದ್ದರು. ಅಂತಹವರ ಬರವನ್ನು ಜಯವೆಂದು ಎಣಿಸಲು ಮಾತ್ರ ಅವರಿಗೆ ಮನಸ್ಸಿರಲಿಲ್ಲ. ಬೆಸ್ತರನ್ನೂ ಸುಂಕದವರನ್ನೂ ಜತೆಗೆ ಕರೆದುಕೊಂಡು ತಿರುಗಿದ ಒಬ್ಬ ಗುರುವಿನ ಶಿಷ್ಯರು ಹೀಗೆ ನೊಂದುಕೊಂಡದ್ದು ಸ್ವಲ್ಪ ವಿಚಿತ್ರವೇ.

ಅವರ ಲೆಕ್ಕದ ಪುಸ್ತಕದಲ್ಲಿ ಬಿಟ್ಟುಹೋದ ಬಾಬುಗಳನ್ನು ನೋಡಬೇಕು. ಮರಳಿ ಬಂದ ೨,೦೦೦ ಮಂದಿ ಅದರಲ್ಲಿಲ್ಲ. ಅವರು ಹುಟ್ಟು ಕ್ರೈಸ್ತರು, ಹೊಸ ಫಲವಲ್ಲ. ಸಾತಳ್ಳಿಯ ಒಕ್ಕಲುಗಳಿಲ್ಲ. ದೇವಿ ಹಾಕಿಸಿಕೊಂಡ ೨೫,೪೩೨ ತೋಳುಗಳಂತೂ ಇಲ್ಲವೇ ಇಲ್ಲ. ಕರೆ ಬಂದುದು ಪರಮತೀಯರನ್ನು ತರುವುದಕ್ಕೆ. ಆದುದರಿಂದ ಆ ತಲೆಗಳನ್ನು ಮಾತ್ರ ಎಣಿಸಿದರು. ಆ ದೇಶೀಯ ಬೋಧಕನ ಹೆಸರೂ ಆ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಊರೂರಿಗೆ ನಡೆದು, ಹೊಸಬರ ಮನೆಯ ಜಗಲಿಯಲ್ಲಿ ಕುಳಿತು, ಫ್ರೆಂಚ್ ಗುರುಗಳ ಮಾತನ್ನು ನೆರೆಹೊರೆಯ ಮಾತಾಗಿ ತಿರುಗಿಸಿ ಹೇಳಿದವನು ಅವನೇ ಆಗಿರಬೇಕು. ಅವನಿಗೂ ಒಂದು ಕರೆ ಬಂದಿರಲೇಬೇಕಲ್ಲವೆ? ಅವನು ತನ್ನ ಕೆಲಸವನ್ನು ಗೆಲುವೆಂದೆಣಿಸಿದನೋ ಸೋಲೆಂದೆಣಿಸಿದನೋ ಕೇಳಿ ಬರೆದಿಟ್ಟವರಿಲ್ಲ.

೧೮೨೩ರ ಜನವರಿ ೧೫ರಂದು ದುಬ್ವಾ ಅವರು ಇಂಡಿಯವನ್ನು ಬಿಟ್ಟರು. ಕಂಪೆನಿಯು ಅವರಿಗೆ ವಿಶ್ರಾಂತಿ ವೇತನವನ್ನು ಕೊಟ್ಟಿತು. ಅವರು ಹಡಗನ್ನು ಹತ್ತುವುದಕ್ಕೆ ಕೆಲವೇ ತಿಂಗಳು ಮುಂಚೆ, ೧೮೨೨ರ ಮೇ ತಿಂಗಳಲ್ಲಿ, ಫ್ರಾನ್ಸಿನ ಲಿಯೋನ್ ನಗರದಲ್ಲಿ ಸಣ್ಣದೊಂದು ಸಂಗತಿ ನಡೆದಿದ್ದಿತು. ಪೋಲಿನ್ ಜಾರಿಕೋ ಎಂಬ ತರುಣಿಯು ರೇಷ್ಮೆಯ ಕೆಲಸದ ಹೆಣ್ಣುಮಕ್ಕಳಿಂದ ವಾರಕ್ಕೆ ಒಂದೊಂದು ಸೂ, ಎಂದರೆ ಒಂದು ಪುಡಿಗಾಸನ್ನು, ಕೂಡಿಸಿ ಪ್ಯಾರಿಸಿನ ವಿದೇಶ ಮಿಷನ್ನಿಗೆ ಕಳುಹಿಸುತ್ತಿದ್ದಳು. ಹತ್ತು ಮಂದಿಗೆ ಒಬ್ಬಳು ಕಾಸನ್ನು ಎತ್ತುವಳು. ಅಂತಹ ಹತ್ತು ಗುಂಪುಗಳ ಹಣವನ್ನು ಇನ್ನೊಬ್ಬಳು ಕೂಡಿಸುವಳು. ಇದರಿಂದಲೇ ಧರ್ಮಪ್ರಸಾರ ಸಂಘವು ಹುಟ್ಟಿ, ಆ ಶತಮಾನದಲ್ಲಿ ಲೋಕದ ನಾನಾಕಡೆಯ ಮಿಷನ್ನುಗಳಿಗೆ ಆಧಾರವಾಯಿತು. ಕೈಯಲ್ಲಿ ಕಾಸಿಲ್ಲದೆ ಮೂವತ್ತು ವರ್ಷ ದುಡಿದವರು ಹೊರಟುಹೋಗುವ ಹೊತ್ತಿಗೆ, ತಾವು ಎಂದಿಗೂ ಕಾಣದ ಮೈಸೂರಿಗಾಗಿ ಲಿಯೋನಿನ ನೆಯ್ಗೆಯ ಕೂಲಿಯವರು ಕಾಸು ಕೂಡಿಸತೊಡಗಿದ್ದರು.

ಇನ್ನು ಮುಂದಿನ ಸಂಗತಿಯು ಅವರ ಟೀಕಾಕಾರರನ್ನೂ ಸ್ತುತಿಸುವವರನ್ನೂ ಸಮನಾಗಿ ತಬ್ಬಿಬ್ಬುಮಾಡತಕ್ಕದ್ದು. ಪ್ಯಾರಿಸ್ ಸೇರಿದ ದುಬ್ವಾ ಅವರು ಮಿಷನ್ನಿಗೆ ಬೆನ್ನುತಿರುಗಿಸಲಿಲ್ಲ. ತಮ್ಮನ್ನು ಕಳುಹಿಸಿದ್ದ ಅದೇ ಗುರುಮಠದಲ್ಲಿ ನಿರ್ದೇಶಕರಲ್ಲೊಬ್ಬರಾಗಿ ನಿಂತರು. ೧೮೩೬ರಿಂದ ೧೮೩೯ರವರೆಗೆ ಅದರ ಮುಖ್ಯಸ್ಥರಾದರು. ನಡುವೆ ೧೮೨೬ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಿರುಗಿಸಿದರು. ಹಿಂದುಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಅಸಾಧ್ಯವೆಂದು ಬರೆದ ಕೈಯೇ ವರ್ಷವರ್ಷವೂ ಪೂರ್ವದೇಶಗಳಿಗೆ ಹೊರಡುವ ತರುಣರನ್ನು ಹರಸಿ ಕಳುಹಿಸಿತು. ಇದನ್ನು ಕಪಟವೆನ್ನುವವರು ಎನ್ನಲಿ. ಹಾಗೆನ್ನುವವರು, ಕಪಟಿಯಾದವನು ತನ್ನ ಸೋಲನ್ನು ಅಂಕಿಸಂಖ್ಯೆಗಳೊಡನೆ ಮೊದಲೇ ಅಚ್ಚುಹಾಕಿಸುವನೇ ಎಂಬುದಕ್ಕೆ ಉತ್ತರವನ್ನು ಹೇಳಬೇಕಾಗುವುದು. ಹೊರಡುವ ತರುಣರಿಗೆ ಅವರು ಯಾವ ಆಸೆಯನ್ನೂ ತೋರಿಸುವಂತಿರಲಿಲ್ಲ. ಅವರ ಪುಸ್ತಕವು ಎಲ್ಲರೂ ಓದುವಂತೆ ಅಂಗಡಿಗಳಲ್ಲಿತ್ತು. ಆದರೂ ತರುಣರು ಹೊರಟರು.

ಹೊರಟವರಲ್ಲಿ ಕೆಲವರು ಮೈಸೂರಿಗೂ ಬಂದರು. ೧೮೪೩ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ನಗರದಲ್ಲಿ ಚರ್ಚೊಂದು ಎದ್ದಿತು. ಅದು ಇದ್ದೆಡೆಯಲ್ಲಿಯೇ ೧೯೩೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸಂತ ಫಿಲೋಮಿನಾ ಚರ್ಚಿಗೆ ಅಸ್ತಿಭಾರವನ್ನಿಟ್ಟರು. ಹಾಸನದ ಸೀಮೆಯಲ್ಲಿ ಫ್ರೆಂಚ್ ಪಾದ್ರಿಗಳು ೧೮೬೦ರ ಸುಮಾರಿನಲ್ಲಿ ಶೆಟ್ಟಿಹಳ್ಳಿಯಲ್ಲಿ ಕಟ್ಟಿಸಿದ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರಿನ ಜನರು ಬಿಟ್ಟುಹೋದುದಾಗಿ, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಹೊರಗೆ ನಿಲ್ಲುತ್ತದೆ. ಈಗ ಅದನ್ನು ನೋಡಲು ಬರುವವರು ಬಹುಮಟ್ಟಿಗೆ ಪ್ರವಾಸಿಗಳು. ದುಬ್ವಾ ಅವರು ಇದಾವುದನ್ನೂ ಕಾಣಲಿಲ್ಲ. ೧೮೪೮ರ ಫೆಬ್ರವರಿ ೧೭ರಂದು, ಫ್ರಾನ್ಸಿನಲ್ಲಿ ಮತ್ತೊಂದು ಕ್ರಾಂತಿಯು ಏಳುವುದಕ್ಕೆ ಐದಾರು ದಿನ ಮೊದಲು, ಅವರು ತೀರಿಕೊಂಡರು. ಎರಡು ವರ್ಷಗಳ ಬಳಿಕ ರೋಮಿನವರು ಮೈಸೂರನ್ನು ಪ್ರತ್ಯೇಕ ಧರ್ಮಪ್ರಾಂತ್ಯವಾಗಿ ಏರ್ಪಡಿಸಿದಾಗ, ಅದರ ಹಳೆಯ ಸಭೆಗಳ ಸಾಲಿನಲ್ಲಿ ಸಾತಳ್ಳಿಯೂ ಒಂದಾಗಿದ್ದಿತು.